ತೆಪ್ಪದ ಆರೈಕೆ, ಹೊಳೆದಂಡೆಯ ಬಿಡಾರ

ಆನೆಗೊಂದಿಯ ಬಂಡೆಗಳ ನಡುವೆ ಇಳಿಸುವ ತೆಪ್ಪವಾಗಲಿ, ಮುನಿರಾಬಾದಿನ ಮೇಲಿನ ಹಿನ್ನೀರಿನಲ್ಲಿ ಬಲೆ ಬಿಡುವ ತೆಪ್ಪವಾಗಲಿ, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ನಡುಗಡ್ಡೆಗಳಿಗೆ ಜನರನ್ನು ದಾಟಿಸುವ ಹರಗೋಲಾಗಲಿ, ಕೆಡುವುದು ಬಹುಪಾಲು ದಂಡೆಯ ಮೇಲೆಯೇ. ತೆಪ್ಪವೆಂದರೆ ಇಲ್ಲಿ ಬಿದಿರಿನ ಬುಟ್ಟಿಗೆ ಗೊಬ್ಬರದ ಚೀಲ ಹೊದಿಸಿ ಡಾಂಬರು ಬಳಿದ ದುಂಡು ದೋಣಿ. ಕಾದ ಬಂಡೆಗೆ ಡಾಂಬರು ಅಂಟಿ ಹಪ್ಪಳದಂತೆ ಕಿತ್ತು ಬರುತ್ತದೆ. ಮರಳ ಮೇಲೆ ಎಳೆದರೆ ಬುಡ ಸವೆಯುತ್ತದೆ. ನೆಲಕ್ಕೆ ತಾಗಿದ ಬಾಯಂಚಿಗೆ ಗೆದ್ದಲು ಹತ್ತುತ್ತದೆ. ಮೀನಿನ ವಾಸನೆಗೆ ಬಂದ ಇಲಿ ಚೀಲ ಕಡಿಯುತ್ತದೆ. ನಡುಹೊಳೆಯಲ್ಲಿ ಕಾಲಿಗೆ ನೀರು ತಾಗಿದಾಗ ಗೊತ್ತಾಗುವ ತೂತು ಎಂಟು ದಿನದ ಹಿಂದೆ ದಂಡೆಯಲ್ಲಿ ಬಿದ್ದಿರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕೆಲಸದಲ್ಲಿ ಮುಕ್ಕಾಲು ಪಾಲು ತೆಪ್ಪ ನೀರಿನ ಹೊರಗಿರುವಾಗ ಮಾಡುವಂಥದ್ದು.

ಅಳತೆಗಳನ್ನೆಲ್ಲ 7 ಅಡಿ ಅಗಲ, 2 ಅಡಿ ಆಳದ ಮೀನು ಹಿಡಿಯುವ ತೆಪ್ಪಕ್ಕೆ ಕೊಟ್ಟಿದೆ. ಅದರ ಹೊರಮೈ ಸುಮಾರು 50 ಚದರ ಅಡಿ. ನಿಮ್ಮದು ದೊಡ್ಡದಿದ್ದರೆ ಅಗಲ ನೋಡಿ ಅಂದಾಜು ಮಾಡಬೇಡಿ. 10 ಅಡಿಯ ತೆಪ್ಪಕ್ಕೆ ಡಾಂಬರು 7 ಅಡಿಯದ್ದಕ್ಕಿಂತ ಎರಡು ಪಟ್ಟು ಬೇಕಾಗುತ್ತದೆ.

ಬಿದಿರು ಮತ್ತು ಹೆಣಿಗೆ

1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಹೊಳೆಯಲ್ಲಿ ಕಂಡದ್ದು ಒಳಗೆ ಬೆತ್ತ, ಹೊರಗೆ ಚರ್ಮ ಇದ್ದ ಬುಟ್ಟಿದೋಣಿ. ಅದು ಸುತ್ತುತ್ತಲೇ ಸಾಗುತ್ತದೆ ಎಂದೂ ಆತ ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಗೊಬ್ಬರದ ಚೀಲ ಬಂದಿದೆ, ಸುತ್ತುವುದು ಹಾಗೆಯೇ ಇದೆ. ಒಳಗಿನ ಬುಟ್ಟಿಯ ಕೆಲಸವನ್ನು ಮೇದಾರರಿಂದ ಮಾಡಿಸುವುದೇ ಮೇಲು. ಆದರೆ ಬಿದಿರು ಕೊಡುವಾಗ ನೋಡಿ ಕೊಡುವುದು ನಿಮ್ಮ ಕೆಲಸ.

ಮೂರು ವರ್ಷಕ್ಕಿಂತ ಎಳೆಯ ಬಿದಿರು ಬೇಡ. ಎಳೆ ಬಿದಿರಿನಲ್ಲಿ ನೀರೂ ಹಿಟ್ಟಿನಂಶವೂ ಹೆಚ್ಚು. ಒಣಗಿದಾಗ ಸುರುಟುತ್ತದೆ, ಕುಟ್ಟೆಹುಳಕ್ಕೆ ಊಟವಾಗುತ್ತದೆ. ಅಮಾವಾಸ್ಯೆಯ ಕಡೆ ಕಡಿದ ಬಿದಿರಿಗೆ ಹುಳ ಹತ್ತುವುದಿಲ್ಲ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅದನ್ನು ನಂಬಿದರೂ ಬಿಟ್ಟರೂ, ಕಡಿದ ಗಳವನ್ನು ಹರಿಯುವ ನೀರಿನಲ್ಲಿ ಎರಡು-ಮೂರು ವಾರ ಮುಳುಗಿಸಿಡುವುದನ್ನು ಮಾತ್ರ ಬಿಡಬೇಡಿ. ಹಿಟ್ಟಿನಂಶ ನೀರಿಗೆ ಬಿಟ್ಟುಹೋಗುತ್ತದೆ, ಹುಳಕ್ಕೆ ಆಮೇಲೆ ಅಲ್ಲಿ ಕೆಲಸವಿರುವುದಿಲ್ಲ. ನಿಂತ ನೀರಿನಲ್ಲಿ ಹಾಕಿದರೆ ನಾರುತ್ತದೆ, ಕಪ್ಪಾಗುತ್ತದೆ. ಕಾಲುವೆಯ ಹರಿನೀರು ಸಾಕು, ಆದರೆ ಕಾಲುವೆ ಬಂದ್ ಆಗುವ ದಿನ ಕೇಳಿಕೊಂಡು ಹಾಕಿ.

ಸೀಳಿದ ದಬ್ಬೆ ಒಂದು ಅಂಗುಲ ಅಗಲ, 4 ಮಿಲಿಮೀಟರ್ ದಪ್ಪ ಇರಲಿ. ಸಿಪ್ಪೆಯ ಮೈ ಹೊರಗೆ, ಅಂದರೆ ನೀರಿನ ಕಡೆಗೆ ಬರಬೇಕು. ಬಿದಿರಿನ ಗಟ್ಟಿ ನಾರೆಲ್ಲ ಸಿಪ್ಪೆಗೆ ಹತ್ತಿರ ಇರುವುದರಿಂದ, ಬಾಗಿಸಿದಾಗ ಹಿಗ್ಗುವ ಕಡೆ ಆ ಮೈ ಇದ್ದರೆ ದಬ್ಬೆ ಮುರಿಯುವುದಿಲ್ಲ. ತಿರುಗಿಸಿ ಹೆಣೆದದ್ದು ಒಂದೇ ಮಳೆಗಾಲಕ್ಕೆ ಬುಡದ ಬಾಗಿನಲ್ಲಿ ಲಟಲಟನೆ ಮುರಿಯುತ್ತದೆ. ಬುಡದಲ್ಲಿ ದಬ್ಬೆಗಳ ನಡುವಿನ ಕಣ್ಣು ಮೂರು ಬೆರಳಿಗಿಂತ ಅಗಲವಾಗಿದ್ದರೆ ಹೊದಿಕೆ ಅಲ್ಲಿ ಉಬ್ಬಿ ಕಲ್ಲಿಗೆ ಮೊದಲು ಸಿಗುತ್ತದೆ.

ಬಾಯಂಚು ತೆಪ್ಪದ ಬೆನ್ನೆಲುಬು. ಏಳೆಂಟು ದಬ್ಬೆಗಳ ಕಟ್ಟು ಸುತ್ತಲೂ ಬಳಸಿ ಬಂದು, ಗೇಣಿಗೊಂದು ಕಡೆ ನೈಲಾನ್ ಹುರಿಯಿಂದ ಬಿಗಿದಿರಬೇಕು. ನೈಲಾನ್ ಹುರಿ ನೀರಿಗೆ ಹೆದರುವುದಿಲ್ಲ, ಬಿಸಿಲಿಗೆ ಹೆದರುತ್ತದೆ. ಉಗುರಿನಿಂದ ಕೆರೆದಾಗ ಬಿಳಿ ಪುಡಿ ಉದುರಿದರೆ ಆ ಕಟ್ಟು ಬಿಚ್ಚಿ ಹೊಸದು ಹಾಕಿ. ಹೆಗಲಿಗೆತ್ತುವಾಗ ಬಾಯಿ ಮೊಟ್ಟೆಯಂತೆ ಉದ್ದವಾದರೆ ಕಟ್ಟುಗಳು ಸಡಿಲಾಗಿವೆ ಎಂದೇ ತಿಳಿಯಿರಿ.

ಹೊದಿಕೆ ಮತ್ತು ಡಾಂಬರು

ಈ ಕೆಲಸಕ್ಕೆ ಫೆಬ್ರವರಿ ಒಳ್ಳೆಯ ತಿಂಗಳು. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಿಗೆ ಬಳಿದ ಡಾಂಬರು ಸಂಜೆಯವರೆಗೂ ಕೂರುವುದಿಲ್ಲ, ಇಳಿಯುತ್ತಲೇ ಇರುತ್ತದೆ. ಮಳೆ ಶುರುವಾದ ಮೇಲೆ ಬಿದಿರು, ಚೀಲ ಎರಡೂ ಹಸಿ. ಹಸಿಯ ಮೇಲೆ ಬಳಿದ ಡಾಂಬರು ಗುಳ್ಳೆ ಏಳುತ್ತದೆ.

ಬೇಕಾದವು: 45 ಕಿಲೋ ಯೂರಿಯಾದ ಖಾಲಿ ಚೀಲ 16, ಡಾಂಬರು 20 ಕಿಲೋ, ಹಾರುಬೂದಿ 4 ಕಿಲೋ, ದಬ್ಬಣ, ನೈಲಾನ್ ದಾರ, ಉದ್ದ ಹಿಡಿಯ ತೆಂಗಿನ ನಾರಿನ ಕುಂಚ, ಅರ್ಧ ಕೊಯ್ದ ಕಬ್ಬಿಣದ ಪೀಪಾಯಿ, ಅದಕ್ಕೆ ಮುಚ್ಚುವಂಥ ತಗಡು, ಎರಡು ಬುಟ್ಟಿ ಒಣ ಮರಳು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಚೀಲಕ್ಕೆ ಬರವಿಲ್ಲ. ಹಾರುಬೂದಿ ರಾಯಚೂರು ಕಡೆಯವರಿಗೆ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಿಂದ ಇಟ್ಟಿಗೆ ಭಟ್ಟಿಗಳಿಗೆ ಬರುವುದೇ ಸಾಕು.

ಡಾಂಬರಿನಲ್ಲಿ ಎರಡು ಬಗೆ. ರಸ್ತೆಗೆ ಹಾಕುವುದು 50 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತದೆ. ಬಿಸಿಲಿಗಿಟ್ಟ ಕಪ್ಪು ತೆಪ್ಪದ ಮೈ ಬೇಸಿಗೆಯಲ್ಲಿ 60 ಡಿಗ್ರಿ ದಾಟುವುದರಿಂದ, ಅದು ಇಳಿದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಬರೀ ಚೀಲ ಆಗುತ್ತದೆ. ಮಾಳಿಗೆ ಸೋರದಂತೆ ಹಾಕುವ 85/25 ದರ್ಜೆಯದು 85 ಡಿಗ್ರಿಯವರೆಗೆ ತಡೆಯುತ್ತದೆ. ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ರಸ್ತೆ ಡಾಂಬರಿಗೆ 10 ಕಿಲೋಗೆ 2 ಕಿಲೋದಂತೆ ಜರಡಿ ಹಿಡಿದ ಹಾರುಬೂದಿ ಬೆರೆಸಿ. ಬೂದಿ ಅದನ್ನು ಗಟ್ಟಿ ಮಾಡುತ್ತದೆ. ಬೂದಿಯನ್ನು ಮೊದಲು ಬಾಂಡಲಿಯಲ್ಲಿ ಹುರಿದು ತೇವ ತೆಗೆಯಿರಿ.

ಚೀಲಗಳ ಒಳಗಿನ ತೆಳು ಪ್ಲಾಸ್ಟಿಕ್ ಕಿತ್ತು, ಚೀಲವನ್ನು ಎರಡು ನೀರಿನಲ್ಲಿ ತೊಳೆದು ಪೂರಾ ಒಣಗಿಸಿ. ಯೂರಿಯಾದ ಕಣ ಉಳಿದರೆ ಅದು ತೇವ ಹೀರಿ, ಅದರ ಮೇಲಿನ ಡಾಂಬರನ್ನು ಎಬ್ಬಿಸುತ್ತದೆ. ಅಂಚು ಬಿಚ್ಚಿ ಹಾಸಿದರೆ ಒಂದು ಚೀಲಕ್ಕೆ ಹತ್ತು-ಹನ್ನೊಂದು ಚದರ ಅಡಿ ಬಟ್ಟೆ ಸಿಗುತ್ತದೆ. ಎಂಟು ಚೀಲಗಳನ್ನು ಅಂಚಿನ ಮೇಲೆ ಅಂಚು ಎರಡು ಬೆರಳು ಬರುವಂತೆ ಇಟ್ಟು, ಮಡಚಿ, ಜೋಡಿ ಹೊಲಿಗೆ ಹಾಕಿ. ಇದು ಮೊದಲ ಪದರ. ಉಳಿದ ಎಂಟರಲ್ಲಿ ಎರಡನೆಯದು. ನುಣ್ಣನೆಯ ಅಚ್ಚಿನ ಮೈಗೆ ಡಾಂಬರು ಸರಿಯಾಗಿ ಹಿಡಿಯದು, ಒರಟು ಮೈ ಹೊರಗೆ ಬರಲಿ.

ಬುಟ್ಟಿಯನ್ನು ನಾಲ್ಕು ಕಲ್ಲಿನ ಮೇಲೆ ಬೋರಲು ಹಾಕಿ. ಮೊದಲ ಪದರವನ್ನು ಮೇಲೆ ಹೊದಿಸಿ, ಎದುರು-ಬದುರು ಎಳೆಯುತ್ತ ಬಿಗಿ ಮಾಡಿ, ಬಾಯಂಚಿನ ಒಳಗೆ ಒಂದು ಗೇಣು ಮಡಚಿ, ಮೂರು ಅಂಗುಲಕ್ಕೊಂದರಂತೆ ದಬ್ಬಣದಿಂದ ಪೋಣಿಸಿ. ಒಂದೇ ಕಡೆಯಿಂದ ಸುತ್ತುತ್ತ ಹೊಲಿದರೆ ಕೊನೆಯಲ್ಲಿ ಸುಕ್ಕೆಲ್ಲ ಒಂದೆಡೆ ಸೇರುತ್ತದೆ, ಆ ಸುಕ್ಕಿನ ಒಳಗೆ ಡಾಂಬರು ಇಳಿಯುವುದಿಲ್ಲ. ಮಂಚಕ್ಕೆ ನವಾರು ಬಿಗಿದ ಹಾಗೆ, ಇಲ್ಲೊಂದು ಹೊಲಿಗೆ, ಅದರ ಎದುರಿಗೊಂದು.

ಇನ್ನು ಒಲೆ. ಡಾಂಬರನ್ನು ಸಣ್ಣ ಹೆಂಟೆಗಳಾಗಿ ಒಡೆದು ಪೀಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬದೆ, ಸಣ್ಣ ಉರಿಯಲ್ಲಿ ಕರಗಿಸಿ. ಒಂದು ಚೊಂಬು ನೀರು ತಳದಲ್ಲಿ ಇದ್ದರೂ ಸಾಕು, ಅದು ಆವಿಯಾಗಿ ಡಾಂಬರನ್ನು ಹಾಲು ಉಕ್ಕಿದಂತೆ ಉಕ್ಕಿಸಿ ಬೆಂಕಿಗೆ ಚೆಲ್ಲುತ್ತದೆ. ಆದ್ದರಿಂದ ಪೀಪಾಯಿ ಒಣಗಿರಬೇಕು, ಬೂದಿ ಒಣಗಿರಬೇಕು, ಕಲಕುವ ಕೋಲೂ ಒಣಗಿರಬೇಕು. ಗಾಳಿ ಬೆನ್ನಿಗಿರಲಿ. ತುಂಬುತೋಳಿನ ಹತ್ತಿಬಟ್ಟೆ, ಕಾಲು ಮುಚ್ಚುವ ಬೂಟು ಹಾಕಿ. ಪಾಲಿಸ್ಟರ್ ಅಂಗಿ ಚರ್ಮಕ್ಕೆ ಕರಗಿ ಅಂಟುತ್ತದೆ. ಹೊಗೆ ದಟ್ಟವಾಗಿ ಹಳದಿಗೆ ತಿರುಗಿದರೆ ಉರಿ ಎಳೆಯಿರಿ. ಹತ್ತಿಕೊಂಡರೆ ತಗಡು ಮುಚ್ಚಿ, ಮರಳು ಹಾಕಿ, ನೀರು ಹಾಕಬೇಡಿ. ಬಿಸಿ ಡಾಂಬರು ಮೈಮೇಲೆ ಬಿದ್ದರೆ ಕಿತ್ತು ತೆಗೆಯಲು ಹೋಗದೆ ಇಪ್ಪತ್ತು ನಿಮಿಷ ತಣ್ಣೀರು ಸುರಿದು ಆಸ್ಪತ್ರೆಗೆ ಹೋಗಿ. ಕಿತ್ತರೆ ಚರ್ಮವೇ ಬರುತ್ತದೆ. ಸೀಮೆಎಣ್ಣೆ ಒರೆಸುವುದೂ ತಪ್ಪು.

ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಚೆನ್ನಾಗಿ ಕರಗಿದ ಡಾಂಬರು 150 ಡಿಗ್ರಿಯಲ್ಲಿರುತ್ತದೆ. ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುಮಾರು 130 ಡಿಗ್ರಿಗೇ ಕರಗುವಂಥದ್ದು ಇರುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ಬಳಿದರೆ ಚೀಲದ ಎಳೆ ಸುರುಟಿ ಕಾಣದಷ್ಟು ಸಣ್ಣ ಕಿಂಡಿಗಳಾಗುತ್ತವೆ, ಮೇಲೆ ಡಾಂಬರು ಹೊಳೆಯುತ್ತಿರುತ್ತದೆ, ಮೂರು ತಿಂಗಳಿಗೆ ಅಲ್ಲೇ ಬಿರಿಯುತ್ತದೆ. ಒಲೆಯಿಂದ ಇಳಿಸಿ, ಬೂದಿ ಹಾಕಿ ಕಲಕುತ್ತ, ಹೊಗೆ ನಿಂತು ಜೇನಿನ ಹದಕ್ಕೆ ಬರುವವರೆಗೆ ಕಾಯಿರಿ. ಅದೇ ಚೀಲದ ತುಂಡಿನ ಮೇಲೆ ಬಳಿದು ನೋಡಿ. ತುಂಡು ಸುರುಟಿದರೆ ಇನ್ನೂ ಹೊತ್ತಿದೆ. ಕುಂಚ ಎಳೆಯುವುದೇ ಕಷ್ಟವಾದರೆ ಮತ್ತೆ ಒಲೆಗೆ.

ಮೊದಲ ಬಳಿತಕ್ಕೆ 8 ಕಿಲೋ ಡಾಂಬರು ಹಿಡಿಯಬೇಕು. ಬಕೆಟ್ಟು ತೂಗಿ ನೋಡಿ; ಐದರಲ್ಲೇ ಮುಗಿದಿದ್ದರೆ ತೆಳುವಾಗಿದೆ. ಹೊಲಿಗೆಗಳಿಗೆ ಕುಂಚವನ್ನು ಕುತ್ತಿ ಕುತ್ತಿ ತುಂಬಿಸಿ, ದಬ್ಬಣದ ಪ್ರತಿ ತೂತೂ ಒಂದು ಸೋರಿಕೆ. ಬಳಿತ ಬೆರಳಿಗೆ ಅಂಟುವಂತಿರುವಾಗಲೇ ಎರಡನೆಯ ಪದರ ಹೊದಿಸಿ, ಅದರ ಹೊಲಿಗೆಗಳು ಮೊದಲಿನವಕ್ಕೆ ಅಡ್ಡ ಬರಲಿ. ಮಧ್ಯದಿಂದ ಅಂಚಿಗೆ ಒತ್ತುತ್ತ ಗಾಳಿ ಹೊರಗೆ ತಳ್ಳಿ. ಮರುದಿನ ಬೆಳಗ್ಗೆ ಎರಡನೆಯ ಬಳಿತ, ಮತ್ತೆ 8 ಕಿಲೋ. ಕೊನೆಗೆ ಮೇಲೆ ಒಣ ಬೂದಿ ಅಥವಾ ಸಣ್ಣ ಮರಳು ಉದುರಿಸಿ. ಇಲ್ಲದಿದ್ದರೆ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಮೂರು ದಿನ ನೆರಳಲ್ಲಿಟ್ಟು ನೀರಿಗೆ ಇಳಿಸಿ.

ಈಗ ತೆಪ್ಪ 40 ಕಿಲೋದ ಹತ್ತಿರ ಇರುತ್ತದೆ, ಇಬ್ಬರು ಸುಲಭವಾಗಿ ಹೊರಬಹುದು. ಪ್ರತಿ ವರ್ಷ ಹಳೆಯದರ ಮೇಲೆ ಒಂದು ಬಳಿತ ಹಾಕುತ್ತ ಹೋದರೆ ವರ್ಷಕ್ಕೆ ಎಂಟು ಕಿಲೋ ಏರುತ್ತದೆ. ನಾಲ್ಕು ಜನ ಹೊರಬೇಕಾದ ತೆಪ್ಪವನ್ನು ಯಾರೂ ಹೊರುವುದಿಲ್ಲ, ಎಳೆಯುತ್ತಾರೆ; ಎಳೆದರೆ ತೂತು, ತೂತಿಗೆ ಇನ್ನಷ್ಟು ಡಾಂಬರು. ಎರಡು ಬಾರಿ ಮೇಲೆ ಬಳಿದಾದ ಮೇಲೆ ಮೂರನೆಯ ಸಲ ಹೊದಿಕೆಯನ್ನೇ ಕಿತ್ತು ಹೊಸದು ಹಾಕುವುದು ಅಗ್ಗ.

ದಿನದಿನದ ಕೆಲಸ

ತೆಪ್ಪ ದಂಡೆಗೆ ತಾಗುವ ಮೊದಲೇ ಇಳಿಯಿರಿ. ಮೊಣಕಾಲು ನೀರಿನಲ್ಲಿ ಸಾಮಾನು ಇಳಿಸಿ, ಖಾಲಿ ಮಾಡಿ, ಎತ್ತಿ ತನ್ನಿ. ಒಳಗಿನ ನೀರು ಬೋರಲು ಹಾಕಿ ಚೆಲ್ಲಿ, ಮೀನಿನ ಹುರುಪೆ-ಲೋಳೆಯನ್ನು ತೊಳೆದುಬಿಡಿ. ದಬ್ಬೆಗೂ ಚೀಲಕ್ಕೂ ನಡುವೆ ನಿಂತ ನೀರು ಬಿದಿರನ್ನು ಒಳಗಿನಿಂದ ಕೊಳೆಸುತ್ತದೆ, ಆದ್ದರಿಂದ ರಾತ್ರಿಯಿಡೀ ನೀರಿನಲ್ಲಿ ಕಟ್ಟಿ ಬಿಡುವ ಅಭ್ಯಾಸ ಒಳ್ಳೆಯದಲ್ಲ.

ಬೋರಲು ಹಾಕುವಾಗ ಬಾಯಂಚಿನ ಕೆಳಗೆ ನಾಲ್ಕು ಕಲ್ಲು, ನೆಲದಿಂದ ಒಂದು ಗೇಣು ಎತ್ತರ. ಎರಡು ದಿನಕ್ಕೊಮ್ಮೆ ಕಲ್ಲು ನೋಡಿ, ಗೆದ್ದಲಿನ ಮಣ್ಣುಗೆರೆ ಏರುತ್ತಿದ್ದರೆ ಒರೆಸಿ. ಮೇಲೆ ಭತ್ತದ ಹುಲ್ಲು ಹೊದಿಸಿ, ಅದರ ಮೇಲೆ ಮಧ್ಯಾಹ್ನಕ್ಕೊಮ್ಮೆ ನೀರು ಚಿಮುಕಿಸಿದರೆ ಡಾಂಬರು ಇಳಿಯುವುದಿಲ್ಲ. ಬೇಸಿಗೆಯಲ್ಲಿ ಬಂಡೆಯ ಮೇಲೆ ಅಂಗಾತ ಇಟ್ಟದ್ದನ್ನು ಮಧ್ಯಾಹ್ನ ಎತ್ತಲೇಬೇಕಾಗಿ ಬಂದರೆ, ಬುಡದ ಸುತ್ತ ಎರಡು ಕೊಡ ನೀರು ಹರಿಸಿ, ಹತ್ತು ನಿಮಿಷ ಬಿಟ್ಟು, ನಿಧಾನಕ್ಕೆ ಓರೆ ಮಾಡಿ ಬಿಡಿಸಿ.

ವಾರಕ್ಕೊಮ್ಮೆ, ಬಿಸಿಲು ಚೆನ್ನಾಗಿರುವಾಗ, ಬೋರಲು ಹಾಕಿದ ತೆಪ್ಪದ ಕೆಳಗೆ ತೂರಿ ಮಲಗಿ ಮೇಲೆ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಬೆಳಕು ಕಾಣುತ್ತದೆ. ಒಳಗಿನಿಂದ ಅಲ್ಲಿಗೆ ಕಡ್ಡಿ ಚುಚ್ಚಿ ಗುರುತು ಮಾಡಿ. ನೀರು ತುಂಬಿಸಿ ಸೋರಿಕೆ ಹುಡುಕುವವರಿದ್ದಾರೆ. ಆ ಭಾರಕ್ಕೆ ಕಲ್ಲಿನ ಮೇಲಿನ ದಬ್ಬೆ ಮುರಿದರೆ ಒಂದು ತೂತಿನ ಹುಡುಕಾಟದಲ್ಲಿ ಇನ್ನೊಂದು ಕೆಲಸ ಹೆಚ್ಚಾಯಿತು.

ಸಣ್ಣ ತೂತಿಗೆ ಹೊಸ ಡಾಂಬರು ಬೇಡ. ಹಳೆಯ ಕಬ್ಬಿಣದ ಸೌಟು ಕಾಯಿಸಿ, ಸುತ್ತಲಿನ ಡಾಂಬರನ್ನೇ ಇಸ್ತ್ರಿ ಮಾಡಿದಂತೆ ಒತ್ತಿ ಮುಚ್ಚಿ. ಬೆರಳು ಹೋಗುವಷ್ಟಿದ್ದರೆ ಸುತ್ತ ನಾಲ್ಕು ಬೆರಳು ಜಾಗವನ್ನು ಕೆರೆದು ಒಣಗಿಸಿ, ಹತ್ತಿಬಟ್ಟೆಯ ತುಂಡನ್ನು ಡಾಂಬರಿನಲ್ಲಿ ಅದ್ದಿ ಹೊರಗಿನಿಂದ ಅಂಟಿಸಿ, ಮೇಲೊಂದು ಬಳಿತ. ತುಂಡಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಕಲ್ಲಿಗೆ ತಾಗಿ ಎದ್ದು ಬರುತ್ತದೆ. ಹೊಳೆಯ ಮಧ್ಯದ ಆಪತ್ತಿಗಾಗಿ ಒಂದು ಹಿಡಿ ಡಾಂಬರು, ಒಂದು ಚಿಂದಿ ಡಬ್ಬಿಯಲ್ಲಿ ತೆಪ್ಪದಲ್ಲೇ ಇರಲಿ. ಬಿಸಿಲಿಗೆ ಅದು ಹಿಟ್ಟಿನಂತೆ ಮೆತ್ತಗಿರುತ್ತದೆ, ಚಿಂದಿಗೆ ಮೆತ್ತಿ ಒಳಗಿನಿಂದ ಒತ್ತಿ ಹಿಡಿದರೆ ದಂಡೆ ಮುಟ್ಟಬಹುದು. ನೀರು ಎತ್ತಿ ಹಾಕಲು ಒಂದು ಚೊಂಬು, ಹುರಿ ಕಟ್ಟಿ ಇಡಿ.

ಫೈಬರ್ ತೆಪ್ಪ

ಗೆದ್ದಲಿಲ್ಲ, ಇಲಿಯಿಲ್ಲ, ಡಾಂಬರಿಲ್ಲ. ಆದರೆ ಬಂಡೆಗೆ ಬಡಿದರೆ ಬಿದಿರಿನ ತೆಪ್ಪ ಬಾಗುವ ಕಡೆ ಇದು ಸೀಳುತ್ತದೆ. ಸೀಳಿದ ಜಾಗವನ್ನು ಪೂರಾ ಒಣಗಿಸಿ, ಸುತ್ತ ಮೂರು ಅಂಗುಲದವರೆಗೆ 60ನೇ ನಂಬರಿನ ಉಜ್ಜುಕಾಗದದಿಂದ ಇಳಿಜಾರಾಗಿ ಉಜ್ಜಿ, ಥಿನ್ನರ್‌ನಿಂದ ಒರೆಸಿ. ಫೈಬರ್ ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರಾಳ ಬೇಕು. ಅಂಗಡಿಯವರು ರಾಳ, ಕೋಬಾಲ್ಟ್, ಹಾರ್ಡನರ್ ಮೂರು ಸೀಸೆ ಕೊಡುತ್ತಾರೆ. ಮೊದಲು ರಾಳಕ್ಕೆ ಕೋಬಾಲ್ಟ್ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟನ್ನೂ ಹಾರ್ಡನರನ್ನೂ ನೇರ ಬೆರೆಸಿದರೆ ಸಿಡಿದು ಹತ್ತಿಕೊಳ್ಳುತ್ತದೆ, ಎರಡಕ್ಕೂ ಒಂದೇ ಅಳತೆ ಲೋಟ ಸಹ ಬಳಸಬೇಡಿ. ನಮ್ಮ ಸೆಕೆಗೆ ಹಾರ್ಡನರ್ ಕಿಲೋಗೆ 10 ಮಿಲಿಲೀಟರ್ ಸಾಕು. ಬೆಳಗ್ಗೆ ಏಳಕ್ಕೆ ಶುರು ಮಾಡಿ, ಒಂದು ಸಲಕ್ಕೆ ಕಾಲು ಕಿಲೋ ಮಾತ್ರ ಕಲಸಿ. ಮಧ್ಯಾಹ್ನ ಕಲಸಿದ್ದು ಡಬ್ಬಿಯಲ್ಲೇ ಕಲ್ಲಾಗುತ್ತದೆ.

ಹುಟ್ಟು, ಭಾರ, ಗಾಳಿ

ಹುಟ್ಟಿನ ಹಿಡಿ ಒಣಗಿ ಸೀಳು ಬಿಟ್ಟರೆ ಅಂಗೈ ಕೆಡುತ್ತದೆ. ತಿಂಗಳಿಗೊಮ್ಮೆ ಅಗಸಿ ಎಣ್ಣೆ ಒರೆಸಿ. ಎಣ್ಣೆ ಒರೆಸಿದ ಚಿಂದಿಯನ್ನು ಮುದುಡಿ ಮೂಲೆಗೆ ಹಾಕಬೇಡಿ, ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಿ. ಹುಟ್ಟು ಹಾಕುವಾಗ ಪಕ್ಕದಲ್ಲಿ ಹಾಕಿದರೆ ತೆಪ್ಪ ಗಿರಗಿಟ್ಟೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದೆ ನೀರಿಗೆ ಹಾಕಿ, ನಿಮ್ಮ ಕಡೆ ಎಳೆದುಕೊಳ್ಳಿ.

ಬಾಯಂಚಿನಿಂದ ಒಂದು ಅಡಿ ಕೆಳಗೆ, ಹೊರಮೈಗೆ ಸುತ್ತಲೂ ಬಿಳಿ ಬಣ್ಣದ ಪಟ್ಟಿ ಎಳೆಯಿರಿ. ಭಾರ ಹೇರಿದಾಗ ಪಟ್ಟಿ ನೀರಿಗೆ ತಾಗಿದರೆ ಒಬ್ಬರು ಇಳಿಯಬೇಕು, ಅದರಲ್ಲಿ ಮಾತಿಲ್ಲ. 7 ಅಡಿಯದಕ್ಕೆ ಮೂವರು ದೊಡ್ಡವರು ಮತ್ತು ಬಲೆ ಸಾಕು. ಹತ್ತುವವರು ಅಂಚು ತುಳಿಯದೆ ನಡುವೆ ಕಾಲಿಟ್ಟು, ಬುಡದಲ್ಲೇ ಕೂರಬೇಕು. ನಿಂತು ಫೋಟೋ ತೆಗೆಯುವವರನ್ನು ಕೂರಿಸಿದ ಮೇಲೆಯೇ ಹುಟ್ಟು ಹಾಕಿ. ಜೀವರಕ್ಷಕ ಜಾಕೆಟ್ ಗೂಟಕ್ಕೆ ನೇತುಹಾಕಲು ಇರುವುದಲ್ಲ.

ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಸಂಜೆ ನಾಲ್ಕರ ಮೇಲೆ ಮೋಡ ಕವಿದು ಗಾಳಿ ಎದ್ದರೆ ಹಿನ್ನೀರಿನಲ್ಲಿ ಹತ್ತೇ ನಿಮಿಷದಲ್ಲಿ ತೆರೆ ಏಳುತ್ತದೆ, ಸಿಡಿಲಿಗೆ ಆ ಬಯಲಿನಲ್ಲಿ ಎತ್ತರದ ವಸ್ತು ನೀವೇ. ಆಷಾಢದ ಗಾಳಿ ದಿನವಿಡೀ ಬೀಸುತ್ತದೆ. ಬಲೆಯ ಕೆಲಸ ಬೆಳಗಿನ ಎಂಟರೊಳಗೆ ಮುಗಿಸಿ.

ಬಿಡಾರ ಎಲ್ಲಿ ಹೂಡಬೇಕು

ಹಿನ್ನೀರಿನ ಬಿಡಾರ ಮತ್ತು ಅಣೆಕಟ್ಟೆಯ ಕೆಳಗಿನ ಬಿಡಾರದ ಲೆಕ್ಕ ಬೇರೆ ಬೇರೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಜನವರಿಯಿಂದ ಮೇವರೆಗೆ ನೀರು ಹಿಂದಕ್ಕೆ ಸರಿಯುತ್ತ ಹೋದಂತೆ ಬಿಡಾರದಿಂದ ನೀರಿಗೆ ದೂರ ಹೆಚ್ಚುತ್ತದೆ, ನಡುವೆ ಉಳಿಯುವುದು ಹೂಳು. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಕೆಳಗೆ ಮೊಣಕಾಲುದ್ದ ಕೆಸರು. ಕೋಲು ಊರಿ ನೋಡದೆ ತೆಪ್ಪ ಹೊತ್ತುಕೊಂಡು ಇಳಿಯಬೇಡಿ. ಕಲ್ಲುನೆಲ ಇರುವ ಚಾಚಿನ ಮೇಲೆ ಹೂಡಿದರೆ ತಿಂಗಳಿಗೊಮ್ಮೆ ಮುಂದಕ್ಕೆ ಸರಿದರೆ ಸಾಕು.

ಕೆಳಗಿನ ಹೊಳೆಯಲ್ಲಿ ಅಪಾಯ ತಿರುಗಿ ಬೀಳುತ್ತದೆ. ಮಳೆ ನಿಮ್ಮೂರಲ್ಲಿ ಬೀಳಬೇಕೆಂದಿಲ್ಲ. ಮಲೆನಾಡಿನಲ್ಲಿ ಸುರಿದದ್ದು ಜಲಾಶಯ ತುಂಬಿಸಿ, 33 ಕ್ರಸ್ಟ್‌ಗೇಟುಗಳ ಮೂಲಕ ಬಿಸಿಲಿರುವ ದಿನವೇ ನಿಮ್ಮ ಬಿಡಾರಕ್ಕೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋದಾಗ ಮುನ್ಸೂಚನೆಗೆ ಸಮಯವಿರಲಿಲ್ಲ. ಆದ್ದರಿಂದ ಇವತ್ತಿನ ನೀರು ನೋಡಿ ಜಾಗ ಆರಿಸಬೇಡಿ. ಪೊದೆಗಳಲ್ಲಿ ಸಿಕ್ಕಿಕೊಂಡ ಹುಲ್ಲು, ಪ್ಲಾಸ್ಟಿಕ್ ಎಷ್ಟು ಎತ್ತರದಲ್ಲಿದೆ, ಬಂಡೆಯ ಮೇಲೆ ಹಳೆಯ ನೀರಿನ ಗೆರೆ ಎಲ್ಲಿದೆ ನೋಡಿ, ಅದಕ್ಕಿಂತ ಒಂದಾಳು ಮೇಲೆ ಹೂಡಿ. ರಾತ್ರಿ ಮಲಗುವಾಗ ನೀರಂಚಿನಲ್ಲಿ ಒಂದು ಗೂಟ ನೆಟ್ಟು, ಅರ್ಧ ರಾತ್ರಿ ಎದ್ದಾಗ ಬ್ಯಾಟರಿ ಬಿಟ್ಟು ನೋಡಿ. ಗೂಟ ನೀರಿನಲ್ಲಿದ್ದರೆ ಸಾಮಾನು ಎತ್ತುವ ಹೊತ್ತು. ಹೊರಹರಿವು ಏರಿ ಕಂಪ್ಲಿ ಸೇತುವೆ ಮುಳುಗುವ ದಿನಗಳಲ್ಲಿ ತೆಪ್ಪ ಇಳಿಸುವ ಮಾತೇ ಇಲ್ಲ. ಲಿಂಗಸುಗೂರು ಕಡೆಯವರಿಗೆ ಕೃಷ್ಣೆಯ ನಾರಾಯಣಪುರ ಅಣೆಕಟ್ಟೆಯ ಹೊರಹರಿವು ಮತ್ತು ಶೀಲಹಳ್ಳಿ ಸೇತುವೆ ಅದೇ ಲೆಕ್ಕ.

ನೀರು, ಅನ್ನ, ನಿದ್ದೆ

ಹೊಸನೀರು ಬಂದಾಗ ಕೆಮ್ಮಣ್ಣಿನ ರಾಡಿ. 20 ಲೀಟರ್ ಕೊಡಕ್ಕೆ ಒಂದು ಚಿಟಿಕೆ, ಅಂದರೆ ಒಂದು ಗ್ರಾಂ ಮೀರದಷ್ಟು ಪಟಿಕದ ಪುಡಿ ಹಾಕಿ ಕಲಕಿ, ಎರಡು ತಾಸು ಬಿಟ್ಟು ತಿಳಿ ಬಸಿಯಿರಿ. ತಿಳಿಯಾದದ್ದು ಶುದ್ಧವಾಯಿತೆಂದಲ್ಲ. ಕುದಿಸಿ, ಇಲ್ಲವೇ ಕ್ಲೋರಿನ್ ಹಾಕಿ: 15 ಗ್ರಾಂ ಬ್ಲೀಚಿಂಗ್ ಪೌಡರನ್ನು ಒಂದು ಲೀಟರ್ ನೀರಿನಲ್ಲಿ ಕದಡಿ, ಕೆಳಗೆ ಇಳಿದ ಮೇಲೆ ಆ ತಿಳಿಯಲ್ಲಿ 10 ಮಿಲಿಲೀಟರನ್ನು 20 ಲೀಟರಿಗೆ ಬೆರೆಸಿ ಅರ್ಧ ತಾಸು ಬಿಡಿ. ಆ ತಿಳಿಯನ್ನು ದಿನವೂ ಹೊಸದಾಗಿ ಮಾಡಿ, ಇಟ್ಟರೆ ಕಸುವು ಹೋಗುತ್ತದೆ. ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದಾಗ ಮಾತ್ರ ಇವು ಯಾವುವೂ ಸಾಲವು. ಪಾಚಿಯ ವಿಷ ಕುದಿಸಿದರೂ ಹೋಗದು. ಆಗ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತನ್ನಿ. ಕೊಳವೆಬಾವಿ ನೀರಿನಲ್ಲಿ ಈ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಇದೆ, ತಿಂಗಳುಗಟ್ಟಲೆ ಅದನ್ನೇ ಕುಡಿಯುವುದು ಹಲ್ಲು-ಮೂಳೆಗೆ ಒಳ್ಳೆಯದಲ್ಲ.

ಏಪ್ರಿಲ್-ಮೇ ಬಿಸಿಲಿನಲ್ಲಿ ಹುಟ್ಟು ಹಾಕುವವರಿಗೆ ಬರೀ ನೀರು ಸಾಲದು. ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ.

ತೆಪ್ಪದಲ್ಲಿ ಎಂದೂ ಒಲೆ ಹೂಡಬೇಡಿ, ಮೈಯೆಲ್ಲ ಡಾಂಬರು. ಅಡುಗೆ ದಂಡೆಯಲ್ಲಿ, ಗಾಳಿಯ ಕೆಳದಿಕ್ಕಿನಲ್ಲಿ. ಕಟಕ ರೊಟ್ಟಿ ಈ ಬದುಕಿಗೆಂದೇ ಹುಟ್ಟಿದಂತಿದೆ: ಸ್ಟೀಲ್ ಡಬ್ಬಿಯಲ್ಲಿ ಗಾಳಿಯಾಡದೆ ಇಟ್ಟರೆ ವಾರಗಟ್ಟಲೆ ಕೆಡದು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ ಇದ್ದರೆ ಒಲೆಯೇ ಬೇಡ. ಮಳೆಗಾಲದಲ್ಲಿ ಡಬ್ಬಿಯ ಬಾಯಿ ತೆರೆದಿಟ್ಟರೆ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಕಾದ ಹಂಚಿನ ಮೇಲೆ ಅರೆಗಳಿಗೆ ಇಟ್ಟರೆ ಮತ್ತೆ ಕಟಕ್ ಎನ್ನುತ್ತದೆ. ತಿಂಡಿಯ ಚೂರು ತೆಪ್ಪದಲ್ಲಿ ಉದುರಿದರೆ ಆ ರಾತ್ರಿ ಇಲಿ ಖಂಡಿತ.

ತೆಪ್ಪವನ್ನೇ ಓರೆಯಾಗಿ ಹುಟ್ಟಿನಿಂದ ಆನಿಸಿ ಅದರ ಕೆಳಗೆ ಮಲಗುವುದು ಹಳೆಯ ಪದ್ಧತಿ. ಮಳೆಗೆ ಅದು ಚೆಂದ, ಹಗಲಿನ ನೆರಳಿಗೆ ಅಲ್ಲ. ಕಪ್ಪು ಮೈ ಕಾದು ಕೆಳಗೆ ಕುಲುಮೆಯಾಗುತ್ತದೆ. ಆನಿಸಿದ ಹುಟ್ಟಿಗೆ ಹುರಿ ಕಟ್ಟಿ ಗೂಟಕ್ಕೆ ಬಿಗಿಯಿರಿ, ಗಾಳಿಗೆ 40 ಕಿಲೋ ಮೈಮೇಲೆ ಬೀಳುವುದು ಬೇಡ. ನೆಲದಲ್ಲಿ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತ ಸಿಕ್ಕಿಸಲೇಬೇಕು. ಅದು ಸೊಳ್ಳೆಗಿಂತ ಹೆಚ್ಚಾಗಿ ಕಟ್ಟಿಗೆ ಹಾವಿಗಾಗಿ. ರಾತ್ರಿ ಮಲಗಿದವರನ್ನು ನೋವಾಗದಂತೆ ಕಚ್ಚುವ ಹಾವು ಅದು. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗಿಸದೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗ್ಗೆ ತೆಪ್ಪ ಎತ್ತುವ ಮೊದಲು ಕೋಲಿನಿಂದ ತಟ್ಟಿ. ಬೋರಲು ತೆಪ್ಪದ ನೆರಳು ಚೇಳಿಗೂ ಇಷ್ಟ.

ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೀನು ಹೆರೆದ ಕಸವನ್ನು ತೆಪ್ಪ ಹತ್ತುವ ಜಾಗದಲ್ಲಿ ಚೆಲ್ಲಿದರೆ ಮೊಸಳೆಗೆ ನೀವೇ ಹೊತ್ತು-ಜಾಗ ಹೇಳಿಕೊಟ್ಟಂತೆ. ಕಸ ದೂರ ಹೂಳಿ, ಮುಸ್ಸಂಜೆಯ ಮೇಲೆ ನೀರಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಪಾತ್ರೆ ತೊಳೆಯಬೇಡಿ, ಕೊಡದಲ್ಲಿ ತಂದು ಮೇಲೆ ತೊಳೆಯಿರಿ. ತುಂಗಭದ್ರೆಯಲ್ಲಿ ಬಲೆ ಹರಿಯುವುದು ನೀರುನಾಯಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲಿ ಅದನ್ನು ಓಡಿಸಲು ಸಿಡಿಮದ್ದು ಹಚ್ಚುವುದು ಅಪರಾಧ. ಬಲೆಯನ್ನು ಬೆಳಕು ಹರಿಯುವ ಮೊದಲೇ ಎತ್ತಿದರೆ ನಷ್ಟ ಕಡಿಮೆ.

ಬಿಡಾರ ಕಿತ್ತು ತಿಂಗಳುಗಟ್ಟಲೆ ತೆಪ್ಪ ಬಿಟ್ಟು ಹೋಗುವುದಾದರೆ: ತೊಳೆದು ಎರಡು ದಿನ ನೆರಳಲ್ಲಿ ಒಣಗಿಸಿ, ಒಳಗಿನ ದಬ್ಬೆಗಳಿಗೆ ಹೊಂಗೆ ಎಣ್ಣೆ ಒರೆಸಿ, ಮರದ ಕೊಂಬೆಗೆ ಬಾಯಂಚಿನ ಮೂರು ಕಡೆಯಿಂದ ಹಗ್ಗ ಹಾಕಿ ನೆಲದಿಂದ ಎರಡು ಮೊಳ ಮೇಲೆ ಬೋರಲಾಗಿ ತೂಗುಬಿಡಿ. ಒಂದೇ ಹಗ್ಗದಲ್ಲಿ ತೂಗಿದರೆ ಬಾಯಿ ಸೊಟ್ಟಗಾಗುತ್ತದೆ. ದಬ್ಬೆಯ ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಹಳದಿ ಪುಡಿ ಬಿದ್ದಿದ್ದರೆ ಕುಟ್ಟೆಹುಳ ಸೇರಿದೆ. ಆ ದಬ್ಬೆಯನ್ನು ಮಾತ್ರ ಎಳೆದು ತೆಗೆದು ಸುಟ್ಟು, ಹೊಸದನ್ನು ಎರಡು ದಿನ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು ಅದೇ ಕಣ್ಣುಗಳಲ್ಲಿ ತೂರಿಸಿ.